ನಾನು ನಿರ್ದೋಷಿ ಎಂಬ ಆದೇಶಕ್ಕೆ ನನ್ನ ತಕರಾರು

ತಪ್ಪಿತಸ್ಥನನ್ನು ಬೆನ್ನು ತಟ್ಟಿ ಮನೆಗೆ ಕಳಿಸಿದ ವಕೀಲರ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಆದೇಶ ಕಳೆದ ಸೋಮವಾರ ರಿಜಿಸ್ಟರ್ ಅಂಚೆಯಲ್ಲಿ ಗೋಕಾಕದ ನನ್ನ ಆಫೀಸಿಗೆ ಬಂತು. ಬಾಳೇಶ ಎಂಬ ವಕೀಲ, ಅಂದರೆ ನಾನು, ನನ್ನ ಕಕ್ಷಿದಾರಳಿಗೆ ಯಾವ ಅನ್ಯಾಯವನ್ನೂ ಮಾಡಿಲ್ಲ, ದೂರಿನಲ್ಲಿ ಹುರುಳಿಲ್ಲ ಎಂದು ತಾವು ತೀರ್ಮಾನಿಸಿದ್ದೀರಿ. ಇದಕ್ಕೆ ನನ್ನ ತಕರಾರಿದೆ. ದೂರಿನಲ್ಲಿ ಹುರುಳಿದೆ. ಅನ್ಯಾಯ ಮಾಡಿದ್ದೇನೆ. ತಾವು ತಪ್ಪು ತೀರ್ಮಾನಕ್ಕೆ ಬಂದಿದ್ದೀರಿ ಎಂದು ಖಚಿತವಾಗಿ ಹೇಳಬಲ್ಲವನು ನಾನೊಬ್ಬನೇ, ಯಾಕೆಂದರೆ ತಮ್ಮನ್ನು ದಾರಿ ತಪ್ಪಿಸಿದವನೂ ನಾನೇ.

ಆದೇಶದ ನಾಲ್ಕನೇ ಪುಟದಲ್ಲಿ 'ಇಪ್ಪತ್ತಾರು ವರ್ಷಗಳ ಕಳಂಕರಹಿತ ಸೇವೆ' ಎಂದು ಬರೆದಿದ್ದೀರಿ. ಇಂಥ ಸೇವೆ ನಾನು ಮಾಡಿದ್ದೇನೆಂಬುದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಓದಿ ಹೇಳಿದಾಗ ಅವಳು ಒಲೆಯ ಮುಂದಿನಿಂದ ತಿರುಗಿ ನೋಡಿದಳು. ವಕೀಲರ ಸಂಘದ ಗೆಳೆಯರು ಫೋನು ಮಾಡಿ ಅಭಿನಂದಿಸಿದರು. ಒಬ್ಬರು ಪೇಢೆ ತಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನದು ಅದಕ್ಕಿಂತ ಕೆಟ್ಟ ಅವಸ್ಥೆ. ನೀನು ಕಳ್ಳನಲ್ಲ ಎಂದು ತಾವು ಮೊಹರು ಹಾಕಿ ಕೊಟ್ಟ ಮೇಲೂ ನನ್ನ ಕೈ ಹೆಗಲ ಮೇಲೇ ಇದೆ.

ನಾನು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯವನು, ನಮ್ಮ ಓಣಿಯಲ್ಲಿ ಕರಿ ಕೋಟು ಹಾಕಿದ ಮೊದಲನೆಯವನು. ದಿವಾಣಿ ಕೇಸುಗಳ ವಕೀಲ. ವಾರದಲ್ಲಿ ಮೂರು ದಿನ ಗೋಕಾಕ, ಒಂದು ದಿನ ಮೂಡಲಗಿ, ಒಂದು ದಿನ ಹುಕ್ಕೇರಿ ಎಂದು ತಿರುಗುತ್ತ, ಅಣ್ಣತಮ್ಮಂದಿರ ಪಾಲು, ಹೊಲದ ಬದು, ಬಾವಿಯ ನೀರಿನ ಪಾಳಿ, ಬಂಡಿ ಹಾದಿ, ಇವುಗಳಲ್ಲೇ ತಲೆಗೂದಲು ಬೆಳ್ಳಗಾಗಿದೆ. ಕೊಲೆ ಕೇಸಿನ ವಕೀಲರ ಹಾಗೆ ನಮ್ಮ ಸುತ್ತ ಜನ ನೆರೆಯುವುದಿಲ್ಲ. ನಮ್ಮ ಕಸುಬೆಲ್ಲ ದಿನ ಎಣಿಸುವುದರಲ್ಲಿದೆ. ಇದಕ್ಕೆ ಮೂವತ್ತು ದಿನ, ಅದಕ್ಕೆ ತೊಂಬತ್ತು ದಿನ. ಎಣಿಕೆ ತಪ್ಪಿದರೆ ಕಕ್ಷಿದಾರನ ಹೊಲ ಹೋಗುತ್ತದೆ. ವಕೀಲನದು ಏನೂ ಹೋಗುವುದಿಲ್ಲ, ಇದು ಈ ಕಸುಬಿನ ದೊಡ್ಡ ಅನುಕೂಲ.

ಇಂದ್ರವ್ವ ನನ್ನ ಬಳಿ ಬಂದದ್ದು ಎರಡು ಸಾವಿರದ ಹದಿನಾಲ್ಕರಲ್ಲಿ. ಕೌಜಲಗಿಗೆ ಕೊಟ್ಟ ಹೆಣ್ಣುಮಗಳು, ತವರು ನಾಗನೂರು. ಗಂಡ ತೀರಿಕೊಂಡು, ಪರರ ಹೊಲದಲ್ಲಿ ದುಡಿದು, ಮಗಳು ಸಂಘಮಿತ್ರಾಳನ್ನು ನರ್ಸಿಂಗ್ ಓದಿಸಿದವರು. ನಮ್ಮ ದೂರದ ಬೀಗರ ಪೈಕಿ. ಅಪ್ಪನ ಎರಡು ಎಕರೆ ಹತ್ತು ಗುಂಟೆ ಕಾಲುವೆ ಹೊಲವನ್ನು ಅಣ್ಣ ದುರ್ಗಪ್ಪ ಒಬ್ಬರೇ ಉಳುತ್ತಿದ್ದರು. ಅದರಲ್ಲಿ ತನ್ನ ಪಾಲು ಬೇಕೆಂದು ಇಂದ್ರವ್ವ ಕೇಳಿದ್ದರು. ಬೇರೆ ವಕೀಲರು ಬೇಡ, 'ನಮ್ಮಾಂವ ಒಬ್ಬ ವಕೀಲ ಆಗ್ಯಾನ' ಎಂದು ಹುಡುಕಿಕೊಂಡು ನನ್ನ ಮೆಟ್ಟಿಲು ಹತ್ತಿದ್ದರು. ಕೋರ್ಟಿನ ಆವರಣದಲ್ಲಿ ನನ್ನನ್ನು ವಕೀಲ ಸಾಹೇಬರೆಂದೂ ಗೇಟು ದಾಟಿದ ಮೇಲೆ ತಮ್ಮಾ ಎಂದೂ ಕರೆಯುತ್ತಿದ್ದರು. ನಾನು ಅಕ್ಕಾ ಎನ್ನುತ್ತಿದ್ದೆ.

ಅಣ್ಣತಂಗಿಯರ ಆ ದಾವೆಯಂಥ ದಾವೆಯನ್ನು ನಾನು ಮತ್ತೆ ಕಂಡಿಲ್ಲ. ತಾರೀಖಿನ ದಿನ ದುರ್ಗಪ್ಪ ನಾಗನೂರಿನಿಂದ ಮುಂಚೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ತಂಗಿಯ ಬಸ್ಸಿಗೆ ಕಾಯುತ್ತಿದ್ದರು. ಇಬ್ಬರೂ ಕೂಡಿ ನಡೆದು ಬಂದು, ಕೋರ್ಟಿನ ಬಾಗಿಲಲ್ಲಿ ಬೇರೆಯಾಗಿ, ಒಬ್ಬರು ವಾದಿಯ ಕಡೆ, ಒಬ್ಬರು ಪ್ರತಿವಾದಿಯ ಕಡೆ ನಿಲ್ಲುತ್ತಿದ್ದರು. ಮುದ್ದತ್ತು ಸಿಕ್ಕು ಕೇಸು ಮುಂದಿನ ತಾರೀಖಿಗೆ ಹೋದ ಮೇಲೆ ಬೇವಿನ ಗಿಡದ ಕೆಳಗೆ ಒಂದೇ ಗಂಟು ಬಿಚ್ಚಿ ರೊಟ್ಟಿ ಉಣ್ಣುತ್ತಿದ್ದರು. ಎದುರು ಪಕ್ಷದವರ ಜೊತೆ ಉಣ್ಣಬಾರದು, ರಾಜಿಯಾಗಿದೆ ಎಂದು ಅವರ ವಕೀಲರು ವಾದಿಸುತ್ತಾರೆ ಎಂದು ನಾನು ಒಮ್ಮೆ ಬುದ್ಧಿ ಹೇಳಿದೆ. ಇಂದ್ರವ್ವ ನಕ್ಕುಬಿಟ್ಟರು.

'ಒಳಗ ಅಂವ ಪ್ರತಿವಾದಿ ಅದಾನ ತಮ್ಮಾ, ಗಿಡದ ಬುಡಕ ನನ್ನ ಅಣ್ಣ ಅದಾನ,' ಅಂದರು.

ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿಯಲ್ಲಿ ಒಂದು ದಿನ ನಸುಕಿನಲ್ಲಿ ದುರ್ಗಪ್ಪ ತೀರಿಕೊಂಡರು. ಎಂಟು ದಿನ ಎದೆನೋವಿನಿಂದ ಮಲಗಿದ್ದರು. ಆ ಎಂಟೂ ದಿನ ಇಂದ್ರವ್ವ ತವರಿನಲ್ಲಿ ಅಣ್ಣನ ಹಾಸಿಗೆಯ ಬಳಿಯೇ ಇದ್ದರು. ನನಗೆ ಸುದ್ದಿ ಮುಟ್ಟಿದ್ದು ಅದೇ ದಿನ ಮುಂಜಾನೆ, ಅವರದೇ ಫೋನಿನಿಂದ. ಮಣ್ಣಿಗೆ ನಾನೂ ಹೋದೆ ಅಧ್ಯಕ್ಷರೇ. ಇದನ್ನು ತಮಗೆ ಕೊಟ್ಟ ಉತ್ತರದಲ್ಲಿ ಬರೆದಿರಲಿಲ್ಲ. ಮೋಟರ್ ಸೈಕಲ್ ಹಚ್ಚಿಕೊಂಡು ನಾಗನೂರಿಗೆ ಹೋಗಿ, ಜನರ ಜೊತೆ ನಡೆದು, ಒಂದು ಹಿಡಿ ಮಣ್ಣು ಹಾಕಿ, ದುರ್ಗಪ್ಪನ ಹೆಂಡತಿ ಗೌರವ್ವನವರಿಗೆ ಕೈ ಮುಗಿದು ಬಂದೆ.

ಇನ್ನು ಕಾನೂನು. ದಾವೆಯಲ್ಲಿ ಒಬ್ಬರೇ ಪ್ರತಿವಾದಿ ಇದ್ದು ಅವರು ತೀರಿಕೊಂಡರೆ, ತೊಂಬತ್ತು ದಿನದೊಳಗೆ ವಾರಸುದಾರರ ಹೆಸರು ಸೇರಿಸಿರೆಂದು ವಾದಿಯ ವಕೀಲ ಅರ್ಜಿ ಕೊಡಬೇಕು. ಕೊಡದಿದ್ದರೆ ಸತ್ತವರ ಹಿಂದೆಯೇ ದಾವೆಯೂ ಸಾಯುತ್ತದೆ. ಅದೇ ಹಕ್ಕಿಗೆ ಮತ್ತೆ ಹೊಸ ದಾವೆ ಹಾಕಲೂ ಬರುವುದಿಲ್ಲ. ಮೊದಲ ವರ್ಷದ ಜೂನಿಯರಿಗೂ ಇದು ಬಾಯಿಪಾಠ. ಅರ್ಜಿ ಎಂದರೆ ಒಂದೂವರೆ ಪುಟ. ಆ ತೊಂಬತ್ತು ದಿನ ನಾನು ಏನು ಮಾಡುತ್ತಿದ್ದೆ ಎಂದು ತಾವು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ, ಅದು ಬೇರೆ ಮಾತು. ಈಗ ಕೇಳದೆಯೇ ಹೇಳುತ್ತೇನೆ. ನಮ್ಮ ವಕೀಲರ ಸಂಘದ ಚುನಾವಣೆಗೆ ನಿಂತಿದ್ದೆ. ಕಾರ್ಯದರ್ಶಿ ಸ್ಥಾನಕ್ಕೆ! ಕೋರ್ಟಿನ ಕ್ಯಾಂಟೀನಿನಲ್ಲಿ ಚಹಾ ಕುಡಿಸುತ್ತ, ಹಿರಿಯರ ಕಾಲು ಮುಟ್ಟುತ್ತ, ಕಿರಿಯರ ಹೆಗಲ ಮೇಲೆ ಕೈ ಹಾಕುತ್ತ, ನ್ಯಾಯಕ್ಕಾಗಿ ದುಡಿಯುವ ನನಗೇ ಮತ ಕೊಡಿ ಎಂದು ಬೇಡುತ್ತ ತಿರುಗಿದೆ. ಹದಿನೇಳು ಮತಗಳಿಂದ ಗೆದ್ದೆ. ಹಾರ ಹಾಕಿದರು, ಗುಲಾಲು ಹಾರಿಸಿದರು. ಇಂದ್ರವ್ವನ ಫೈಲು ಕಪಾಟಿನಲ್ಲಿ ಇದ್ದಲ್ಲಿಯೇ ಇತ್ತು.

ಎದುರು ವಕೀಲರು ತಮ್ಮ ಕಕ್ಷಿದಾರ ತೀರಿಕೊಂಡದ್ದನ್ನು ಕೋರ್ಟಿಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಅದು ಅವರ ಪಾಪ, ಅದರ ಪತ್ರ ಅವರು ಬರೆಯಲಿ. ಹತ್ತು ತಿಂಗಳು ಸುಮ್ಮನಿದ್ದು, ಡಿಸೆಂಬರಿನ ಒಂದು ತಾರೀಖಿಗೆ ಎದ್ದು ನಿಂತು, ದಾವೆ ಎಂದೋ ಸತ್ತಿದೆ ಸ್ವಾಮಿ ಎಂದು ತಣ್ಣಗೆ ಹೇಳಿದರು.

ಆದರೂ ಉಳಿಸಿಕೊಳ್ಳುವ ಹಾದಿಯಿತ್ತು. ತಡವಾದದ್ದಕ್ಕೆ ನಿಜವಾದ ಕಾರಣ ಹೇಳಿ ಪ್ರಮಾಣಪತ್ರ ಕೊಟ್ಟರೆ ಕೋರ್ಟುಗಳು ಎಷ್ಟೋ ಸಲ ಮನ್ನಿಸುತ್ತವೆ. ವಕೀಲನ ತಪ್ಪಿಗೆ ಕಕ್ಷಿದಾರನಿಗೆ ಶಿಕ್ಷೆಯಾಗಬಾರದು ಎಂಬುದನ್ನು ನಾನೇ ಎಷ್ಟು ಸಲ ಟೇಬಲ್ ಗುದ್ದಿ ವಾದಿಸಿದ್ದೇನೋ. 'ನಾನು ಬಾಳೇಶ, ವಾದಿಯ ವಕೀಲ, ನನಗೆ ಗೊತ್ತಿದ್ದೂ ನಾನು ಮರೆತೆ' ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದ್ದರೆ ಸಾಕಿತ್ತು. ಆದರೆ ಆಗ ನಾನು ಕಾರ್ಯದರ್ಶಿಯಲ್ಲವೇ? ತೊಂಬತ್ತು ದಿನ ಎಣಿಸಲು ಬಾರದ ಕಾರ್ಯದರ್ಶಿ ಎಂದು ಕ್ಯಾಂಟೀನಿನಲ್ಲಿ ನಕ್ಕಾರೆಂಬ ಅಂಜಿಕೆ. ಒಬ್ಬ ಹೆಣ್ಣುಮಗಳ ಹೊಲವನ್ನೂ ಹತ್ತು ಜನರ ನಗುವನ್ನೂ ತಕ್ಕಡಿಯಲ್ಲಿ ಹಾಕಿ ತೂಗಿದೆ, ನಗುವೇ ಭಾರವಾಯಿತು.

ಕೋರ್ಟಿನ ಬಾಜೂಕ್ಕೆ ತಗಡಿನ ಶೆಡ್ಡಿನಲ್ಲಿ ಉದ್ದಪ್ಪ ಎಂಬ ಹಳೆಯ ಟೈಪಿಸ್ಟ್ ಕೂರುತ್ತಾರೆ. ಮೊದಲು ಮಷಿನ್ನು ಬಡಿಯುತ್ತಿದ್ದವರು ಈಗ ಕಂಪ್ಯೂಟರ್ ಇಟ್ಟಿದ್ದಾರೆ. ತಡಕ್ಕೆ ಕಾರಣ ಹೇಳುವ ಪ್ರಮಾಣಪತ್ರಗಳು ಅವರಲ್ಲಿ ಸಿದ್ಧವಾಗಿರುತ್ತವೆ, ಹೆಸರು ತಾರೀಖು ಬದಲಿಸಿದರೆ ಮುಗಿಯಿತು. ಈ ಭಾಗದ ಅರ್ಧ ಜನ ಅವರ ಕಂಪ್ಯೂಟರಿನಲ್ಲಿ ಕಾಮಾಲೆಯಿಂದ ಮಲಗಿದ್ದಾರೆ, ಉಳಿದರ್ಧ ಜನರಿಗೆ ಏನೂ ಗೊತ್ತಿರಲಿಲ್ಲ. ನಾನು ಹೋಗಿ ನಿಂತಾಗ ಅವರು ತಲೆ ಎತ್ತದೆ ಕೇಳಿದರು.

'ಯಾವ್ದ ಹಾಕ್ಲಿರಿ ಸಾಹೇಬ್ರ, ಆಜಾರಿದ್ದದ್ದೋ, ಗೊತ್ತಿಲ್ಲದ್ದೋ?'

ಆಜಾರಿದ್ದಕ್ಕೆ ದವಾಖಾನೆಯ ಚೀಟಿ ಬೇಕು. ಗೊತ್ತಿಲ್ಲದ್ದೇ ಹಾಕು ಅಂದೆ. ಐದು ನಿಮಿಷದಲ್ಲಿ ಹಾಳೆ ಕೈಗೆ ಬಂತು: 'ನಾನು ಅನಕ್ಷರಸ್ಥಳೂ ಹಳ್ಳಿಯವಳೂ ಇದ್ದು, ಪ್ರತಿವಾದಿ ತೀರಿಕೊಂಡ ಸಂಗತಿ ನನಗೆ ಗೊತ್ತಿರಲಿಲ್ಲ. ಇತ್ತೀಚೆಗೆ ನನ್ನ ವಕೀಲರಿಂದ ತಿಳಿದು ಬಂದಿರುತ್ತದೆ.' ಕೊನೆಗೆ ಎಂದಿನ ಸಾಲು: ಇದನ್ನು ನನಗೆ ಓದಿ ಹೇಳಲಾಗಿದ್ದು, ಸರಿ ಇದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ. ಇಂದ್ರವ್ವ ಶೆಡ್ಡಿನ ಹೊರಗೆ ಚೀಲ ಹಿಡಿದು ನಿಂತಿದ್ದರು. ಏನು ಬರದೀರಿ ಎಂದು ಕೇಳಿದರು. ಇದು ಕೋರ್ಟಿನ ಪದ್ಧತಿಯ ಕಾಗದ, ಸಹಿ ಮಾಡಕ್ಕಾ, ಮುಂದಿನದು ನನಗೆ ಬಿಡು ಅಂದೆ. ಅವರು ಹಾಳೆಯನ್ನು ಉದ್ದಪ್ಪನ ಟೇಬಲ್ಲಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಸಾಕ್ಷರತಾ ವರ್ಗದಲ್ಲಿ ಕಲಿತ ದುಂಡು ಅಕ್ಷರದಲ್ಲಿ ಇಂದ್ರವ್ವ ಎಂದು ಬರೆದರು. ಅನಕ್ಷರಸ್ಥಳು ಎಂಬ ಸಾಲಿನ ಕೆಳಗೆ ಆ ಸಹಿ ಈಗಲೂ ಇದೆ. ತಾವು ದೂರಿನ ಜೊತೆಗಿದ್ದ ನಕಲಿನಲ್ಲಿ ಅದನ್ನು ನೋಡಿದ್ದೀರಿ. ತಮಗೆ ಏನೂ ಅನಿಸಲಿಲ್ಲವೇ?

ಆ ಅರ್ಜಿಯ ಮೇಲೆ ಎದುರು ವಕೀಲರು ಪಾಟೀಸವಾಲು ಕೇಳಿದರು, ಕೋರ್ಟು ಒಪ್ಪಿತು. ಇಂದ್ರವ್ವ ಕಟಕಟೆ ಹತ್ತಿದರು. ಹತ್ತುವ ಮೊದಲಾದರೂ ಹಾಳೆಯಲ್ಲಿ ಏನಿದೆ ಎಂದು ನಾನು ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ನಿನ್ನ ಅಣ್ಣ ಸತ್ತದ್ದು ನಿನಗೆ ಗೊತ್ತಿರಲಿಲ್ಲ ಎಂದು ನೀನೇ ಆಣೆ ಮಾಡಿದ್ದೀ ಅಕ್ಕಾ ಎಂದು ಯಾವ ಮುಖದಿಂದ ಹೇಳಲಿ? ಅವರು ಏನೇ ಕೇಳಿದರೂ 'ನೆನಪಿಲ್ಲ' ಅಂದುಬಿಡು ಎಂದಷ್ಟೇ ಹೇಳಿದ್ದೆ. ದುರ್ಗಪ್ಪ ತೀರಿಕೊಂಡ ದಿನ ನೀವು ಎಲ್ಲಿದ್ದಿರಿ ಎಂದು ಎದುರು ವಕೀಲರು ಮೆತ್ತಗೆ ಕೇಳಿದರು. ಆ ಪ್ರಶ್ನೆಗೆ ನೆನಪಿಲ್ಲ ಎನ್ನುವುದು ಹೇಗೆಂದು ಇಂದ್ರವ್ವನಿಗೆ ತಿಳಿಯಲಿಲ್ಲ.

'ಅಲ್ಲೇ ಇದ್ನಿರಿ ಸಾಹೇಬ್ರ. ಅಣ್ಣನ ಬಾಯಾಗ ಕಡೀ ನೀರ ಬಿಟ್ಟಾಕಿ ನಾನ,' ಅಂದರು.

ಎದುರು ವಕೀಲರು ಪ್ರಮಾಣಪತ್ರ ಎತ್ತಿ ಆ ಸಾಲನ್ನು ನಿಧಾನವಾಗಿ ಓದಿದರು. ಹಾಗಾದರೆ ಇದು ಸುಳ್ಳೇ ಎಂದು ಕೇಳಿದರು. ಇಂದ್ರವ್ವ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದೇನಿದು, ಇದನ್ನು ಯಾರು ಬರೆದರು, ಹೇಳು ಎಂದು ಕೇಳುವ ನೋಟ. ನಾನು ತಲೆ ಬಗ್ಗಿಸಿ ಫೈಲಿನ ಹಾಳೆ ತಿರುವತೊಡಗಿದೆ. ಹುಡುಕುವುದು ಏನೂ ಇರಲಿಲ್ಲ. ಎದ್ದು ನಿಂತು 'ಸ್ವಾಮಿ, ಆ ಸಾಲು ನನ್ನದು' ಎಂದಿದ್ದರೆ ನಾಲ್ಕು ಮಾತಿನಲ್ಲಿ ಮುಗಿಯುತ್ತಿತ್ತು. ಹಾಳೆ ತಿರುವಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಹೇಡಿ ಕೆಲಸ ಅದು.

ಅರ್ಜಿ ವಜಾ ಆಯಿತು. ವಾದಿ ಸುಳ್ಳು ಪ್ರಮಾಣ ಮಾಡಿದ್ದಾಳೆ, ಶುದ್ಧ ಹಸ್ತದಿಂದ ಕೋರ್ಟಿಗೆ ಬಂದಿಲ್ಲ, ದಯೆಗೆ ಅರ್ಹಳಲ್ಲ ಎಂದು ಆದೇಶದಲ್ಲಿದೆ. ಕೋರ್ಟನ್ನು ನಾನು ದೂರುವುದಿಲ್ಲ, ಮುಂದಿಟ್ಟ ಹಾಳೆಯ ಮೇಲಿನ ಸಹಿಯನ್ನೇ ಅದು ನಂಬಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ಬಂದ ಎತ್ತೇ ಕೈ ತೋರಿಸಿ ಎಮ್ಮೆಯನ್ನು ಹಿಡಿದುಕೊಟ್ಟಿತು. ಅಂದಿನಿಂದ ಇಂದ್ರವ್ವ ನನ್ನನ್ನು ತಮ್ಮಾ ಎಂದು ಕರೆದಿಲ್ಲ.

ಹೊಲ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಇನ್ನೂ ಬರಬೇಕಿತ್ತು. ಆದೇಶ ಬಂದ ಮೇಲಿನ ಫೆಬ್ರವರಿಯಲ್ಲಿ ದುರ್ಗಪ್ಪನ ನೆನಪಿನ ದಿನಕ್ಕೆ ಇಂದ್ರವ್ವ ಹೋಳಿಗೆ ಮಾಡಿಕೊಂಡು ನಾಗನೂರಿಗೆ ಹೋದರು. ದಾವೆ ನಡೆದ ಅಷ್ಟೂ ವರ್ಷ ಒಮ್ಮೆಯೂ ಮುಚ್ಚಿರದ ಬಾಗಿಲು ಅದು. ಅಷ್ಟರಲ್ಲಿ ಆದೇಶದ ನಕಲು ಊರಿಗೆ ಮುಟ್ಟಿತ್ತು, ಯಾರೋ ಗೌರವ್ವನವರಿಗೆ ಓದಿ ಹೇಳಿದ್ದರು. ಹೊಸ್ತಿಲಲ್ಲಿ ನಿಂತು ಅವರು ಒಂದೇ ಮಾತು ಕೇಳಿದರಂತೆ.

'ಅಂವ ಸತ್ತದ್ದ ಗೊತ್ತಿಲ್ಲಂತ ಬರದ ಕೊಟ್ಟಾಕಿ, ಇವತ್ತ ಯಾರ ದಿವಸಕ್ಕ ಬಂದಿ?'

ಇಂದ್ರವ್ವ ಗಂಟನ್ನು ಕಟ್ಟೆಯ ಮೇಲಿಟ್ಟು ತಿರುಗಿ ಬಸ್ ಹತ್ತಿದರು. ಇದನ್ನು ನನಗೆ ಹೇಳಿದವರು ಸಂಘಮಿತ್ರಾ. ತಾಯಿಗೆ ಆಮೇಲೆ ವಾರಗಟ್ಟಲೆ ಊಟ ಸೇರಲಿಲ್ಲ ಎಂದೂ ಹೇಳಿದರು. ನನ್ನ ಆಫೀಸಿಗೆ ಬಂದು, ಕೂಡಿರಿ ಅಂದರೂ ಕೂಡದೆ, ಫೈಲು ಕೇಳಿ ತೆಗೆದುಕೊಂಡು ಬೇರೆ ವಕೀಲರಿಗೆ ಕೊಟ್ಟರು. ಅವರು ಮೇಲ್ಮನವಿ ಹಾಕಿದ್ದಾರೆ. ತಮ್ಮಲ್ಲಿ ದೂರು ಕೊಟ್ಟವರೂ ಸಂಘಮಿತ್ರಾ. ತಪ್ಪು ವಕೀಲನದು ಎಂದು ತಾವು ಬರೆದುಕೊಟ್ಟಿದ್ದರೆ ಮೇಲ್ಮನವಿಗೆ ಅದೇ ಆಧಾರವಾಗುತ್ತಿತ್ತು. ದೂರಿನ ಉದ್ದೇಶವೇ ಅದು. ನನ್ನನ್ನು ಜೈಲಿಗೆ ಹಾಕಿರೆಂದು ಆ ಹೆಣ್ಣುಮಗಳು ಎಲ್ಲಿಯೂ ಕೇಳಿಲ್ಲ.

ತಾವು ಹೇಗೆ ವಿಚಾರಣೆ ಮಾಡಿದಿರಿ? ಸಂಘಮಿತ್ರಾ ರಜೆ ಹಾಕಿ ಮೂರು ಸಲ ತಮ್ಮ ಬಾಗಿಲಿಗೆ ಬಂದರು. ಎರಡು ಸಲ ನಾನು ಮುದ್ದತ್ತು ತೆಗೆದುಕೊಂಡೆ. ಎರಡನೆಯ ಸಲ ಆಜಾರಿದ್ದೇನೆ ಎಂದು ಬರೆದುಕೊಟ್ಟೆ. ಹೌದು, ಉದ್ದಪ್ಪನ ಅದೇ ಕಾಗದ. ನಾನು ಗಟ್ಟಿಮುಟ್ಟಾಗಿ ಹುಕ್ಕೇರಿಯಲ್ಲಿ ಬದುವಿನ ಕೇಸು ನಡೆಸುತ್ತಿದ್ದೆ. ಮೂರನೆಯ ಸಲ ಉತ್ತರ ಕೊಟ್ಟೆ: ಪ್ರಮಾಣಪತ್ರವನ್ನು ವಾದಿಗೆ ಓದಿ ಹೇಳಿದ್ದೇನೆ, ಕೆಳಗೆ ಆಕೆಯ ಸಹಿಯೇ ಇದೆ. ತಾವು ಸಹಿ ನೋಡಿದಿರಿ, ಓದಿ ಹೇಳಲಾಗಿದೆ ಎಂಬ ಸಾಲು ನೋಡಿದಿರಿ, ಕೇಸು ಮುಗಿಸಿದಿರಿ. ತಾವೂ ವಕೀಲರೇ ಅಲ್ಲವೇ ಅಧ್ಯಕ್ಷರೇ? ಆ ಸಾಲು ಯಾರು ಬರೆಯುತ್ತಾರೆ, ಎಷ್ಟು ಸಲ ನಿಜವಾಗಿ ಓದಿ ಹೇಳುತ್ತಾರೆ ಎಂಬುದು ತಮಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದಾದರೆ ಹೇಳಿ, ಅದಕ್ಕೂ ಕಾಗದ ಸಿದ್ಧವಿದೆ. ಇಂದ್ರವ್ವನನ್ನು ಒಮ್ಮೆ ಕರೆಸಿ, ತಾಯಿ, ಇದನ್ನು ನಿಮಗೆ ಓದಿ ಹೇಳಿದ್ದರೇ ಎಂದು ಕೇಳಿದ್ದರೆ ಸಾಕಿತ್ತು. ಕಟಕಟೆಯಲ್ಲಿಯೂ ಸುಳ್ಳು ಹೇಳಲು ಬಾರದವರು ತಮ್ಮ ಮುಂದೆ ಹೇಳುತ್ತಿದ್ದರೇ?

ಇದನ್ನು ಗುಟ್ಟಾಗಿ ಅರ್ಜಿ ಬರೆದು ಕಳಿಸಬಹುದಿತ್ತಲ್ಲ, ಪತ್ರಿಕೆಗೆ ಯಾಕೆ ಎಂದು ತಾವು ಕೇಳಬಹುದು. ನನಗೆ ನನ್ನ ಮೇಲೆ ಭರವಸೆ ಇಲ್ಲ. ಅರ್ಜಿ ಕೊಟ್ಟರೆ ಗೆಳೆಯರು ಚಹಾ ಕುಡಿಸಿ ವಾಪಸು ತೆಗೆಸುತ್ತಾರೆ, ನಾನೂ ತೆಗೆಯುತ್ತೇನೆ. ಅಚ್ಚಾದದ್ದನ್ನು ವಾಪಸು ತೆಗೆಯಲು ಬರುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ದೂರನ್ನು ಮತ್ತೆ ತೆರೆಯಿರಿ. 'ಇಂದ್ರವ್ವ ಸುಳ್ಳು ಹೇಳಿಲ್ಲ, ಅವರ ವಕೀಲ ಹೇಳಿದ್ದಾನೆ' ಎಂದು ಬರೆದು, ಸಹಿ ಮೊಹರು ಹಾಕಿ, ಮುಂದಿನ ತಿಂಗಳು ಮೇಲ್ಮನವಿ ವಿಚಾರಣೆಗೆ ಬರುವ ಮೊದಲು ಸಂಘಮಿತ್ರಾಳ ಕೈಗೆ ಕೊಡಿರಿ. ನನ್ನ ತಪ್ಪೊಪ್ಪಿಗೆಯ ಪ್ರಮಾಣಪತ್ರವನ್ನು ಅವರ ಹೊಸ ವಕೀಲರಿಗೆ ಕೊಟ್ಟಿದ್ದೇನೆ. ಅದನ್ನು ಉದ್ದಪ್ಪನಿಂದ ಟೈಪ್ ಮಾಡಿಸಲಿಲ್ಲ, ಕೈಯಿಂದಲೇ ಬರೆದೆ. ಸಂಘದ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದೇನೆ. ಕರಿ ಕೋಟಿನ ವಿಷಯ ತಮಗೆ ಬಿಟ್ಟದ್ದು.

ಕೊನೆಗೆ ಒಂದು ಸಂಗತಿ. ಈ ಪತ್ರವನ್ನು ಮೊನ್ನೆ ಕೌಜಲಗಿಗೆ ಒಯ್ದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಮೊದಲಿನಿಂದ ಇಂದ್ರವ್ವನವರಿಗೆ ಓದಿ ಹೇಳಿದೆ. ಕಕ್ಷಿದಾರರಿಗೆ ಒಂದು ಕಾಗದವನ್ನು ಪೂರ್ತಿ ಓದಿ ಹೇಳಿದ್ದು ನನ್ನ ಇಷ್ಟು ವರ್ಷದ ವಕೀಲಿಯಲ್ಲಿ ಎಷ್ಟನೆಯ ಸಲ ಎಂದು ಹೇಳಲು ನಾಚಿಕೆಯಾಗುತ್ತದೆ. ಅವರು ಹೆಸರುಬೇಳೆ ಹಸನು ಮಾಡುತ್ತ ಕೇಳಿದರು. ದುರ್ಗಪ್ಪ ಬೆಳಿಗ್ಗೆ ಎಂಟು ಗಂಟೆಗೆ ತೀರಿಕೊಂಡರು ಎಂದು ನಾನು ಬರೆದಿದ್ದೆ. ಅಲ್ಲಿ ಕೈ ಎತ್ತಿ ತಡೆದು, ಎಂಟಲ್ಲ, ನಸುಕು, ಇನ್ನೂ ಹೊತ್ತು ಹುಟ್ಟಿರಲಿಲ್ಲ, ನೀರು ಬೇಡಿದ, ಎರಡು ಗುಟುಕು ಕುಡಿದ ಅಂದರು. ಅಲ್ಲಿಯೇ ಹೊಡೆದುಹಾಕಿ ತಿದ್ದಿದೆ. ಮೇಲೆ ನಸುಕು ಎಂದಿರುವುದು ಅವರ ತಿದ್ದುಪಡಿ. ಇಡೀ ಪತ್ರದಲ್ಲಿ ಅವರು ತಿದ್ದಿದ್ದು ಅದೊಂದೇ. ನನ್ನ ಕ್ಷಮಾಪಣೆಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಬೇಳೆ ಹಸನು ಮಾಡಿ ಮುಗಿಸಿ, ಮೊರವನ್ನು ಪಕ್ಕಕ್ಕಿಟ್ಟು ಮಾತಾಡಿದರು.

'ವಕೀಲ್ರ, ಸಮಿತಿಯವ್ರ ಆಮ್ಯಾಲೆ ಓದಲಿ. ಮೊದಲ ಇದನ್ನ ನಮ್ಮ ಗೌರವ್ವ ವೈನಿಗೆ ಓದಿ ಹೇಳಿ ಬರ್ರಿ.'

ಬರುವ ರವಿವಾರ ನಾಗನೂರಿಗೆ ಹೋಗುತ್ತಿದ್ದೇನೆ ಅಧ್ಯಕ್ಷರೇ, ಗೌರವ್ವನವರ ಹೊಸ್ತಿಲಿಗೆ. ಅಲ್ಲಿ ಮುದ್ದತ್ತು ಸಿಗುವುದಿಲ್ಲ.

ಇಂತಿ,
ಇದನ್ನು ಓದಿ ಹೇಳಿ, ತಿದ್ದಿಸಿಕೊಂಡು, ಆಮೇಲೆ ಸಹಿ ಮಾಡಿದವನು,
ತಮ್ಮ ಆದೇಶದ ಪ್ರಕಾರ ನಿರ್ದೋಷಿಯಾದ
ಬಾಳೇಶ, ದಿವಾಣಿ ವಕೀಲ, ಗೋಕಾಕ